ಬಿಸಿಲು, ನೊರೆ ಮತ್ತು ಬೇಸಿಗೆಯ ಹೊಳೆ

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಮಲೆನಾಡಿನಲ್ಲಿ ಒಂದು ಕಾಲಕ್ಕೆ ಊರಿಗೊಂದು ಜೀಪು ಇದ್ದರೆ ಅದೇ ಹೆಚ್ಚು. ಇಂದು ಅಡಿಕೆ ತೋಟದಂಚಿನ ಅನೇಕ ಮನೆಗಳ ಅಂಗಳದಲ್ಲಿ ಕಾರು ನಿಂತಿದೆ. ವಾಹನದೊಂದಿಗೆ ಅದನ್ನು ತೊಳೆಯುವ ಕೆಲಸವೂ ಬಂದಿತು. ಮಳೆಗಾಲದಲ್ಲಿ ಆ ಕೆಲಸದ ಅರ್ಧವನ್ನು ಮಳೆಯೇ ಮಾಡುತ್ತದೆ. ಮಾರ್ಚ್‌ನಿಂದ ಮೇವರೆಗೆ ಕೆಮ್ಮಣ್ಣಿನ ಧೂಳು ವಾಹನವನ್ನು ಮುಚ್ಚುತ್ತದೆ. ಹೊಳೆಯಲ್ಲಿ ನೀರು ಅತ್ಯಂತ ಕಡಿಮೆಯಿರುವುದೂ ಅದೇ ಮೂರು ತಿಂಗಳುಗಳಲ್ಲಿ. ಆದುದರಿಂದ ಯಾವ ಸೋಪು, ಎಷ್ಟು ನೊರೆ ಎಂಬ ಪ್ರಶ್ನೆಯು ವಾಹನದ ಮಾಲೀಕನದು ಮಾತ್ರವಾಗಿ ಉಳಿಯದೆ, ಹೊಳೆಯ ಕೆಳಗಿನ ಊರಿನದೂ ಆಗುತ್ತದೆ.

ಬಿಸಿಲಿನಲ್ಲಿ ಆಗುವುದೇನು?

ಬೇಸಿಗೆಯ ಮಧ್ಯಾಹ್ನ ಬಿಸಿಲಿಗೆ ನಿಂತ ಕಪ್ಪು ಕಾರಿನ ತಗಡು 60 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಅದರ ಮೇಲೆ ಸೋಪಿನ ನೀರು ಬಿದ್ದರೆ ನೀರು ಬೇಗನೆ ಆವಿಯಾಗಿ, ಸೋಪು ಮತ್ತು ನೀರಿನಲ್ಲಿ ಕರಗಿದ್ದ ಲವಣಗಳು ಬಣ್ಣದ ಮೇಲೆಯೇ ಉಳಿದುಬಿಡುತ್ತವೆ. ಒಣಗಿದ ಈ ಕಲೆಯನ್ನು ತೆಗೆಯಲು ಮತ್ತೆ ಸೋಪು, ಮತ್ತೆ ನೀರು, ಮತ್ತೆ ಉಜ್ಜುವಿಕೆ. ಉಜ್ಜುವಾಗ ಧೂಳಿನಲ್ಲಿರುವ ಗಟ್ಟಿಯಾದ ಮರಳಿನ ಕಣಗಳು ಬಣ್ಣವನ್ನು ಗೀರುತ್ತವೆ. ನಿಮಿಷಕ್ಕೆ 10 ಲೀಟರ್ ಸುರಿಯುವ ಪೈಪನ್ನು 20 ನಿಮಿಷ ಬಿಟ್ಟರೆ 200 ಲೀಟರ್ ನೀರು ಹೋಯಿತು. ನೀರು ಸಾಲದಾದಾಗ ವಾಹನವನ್ನು ಹೊಳೆಗೇ ಇಳಿಸುವ ಯೋಚನೆ ಹುಟ್ಟುತ್ತದೆ. ಹಾನಿಯ ಮೂಲವಿರುವುದು ಇಲ್ಲಿ.

ಸೋಪು ಮತ್ತು ಮಾರ್ಜಕ

ಬಟ್ಟೆಯ ಸೋಪು ಎಣ್ಣೆ ಮತ್ತು ಕ್ಷಾರಗಳಿಂದಾದದ್ದು. ಬಯಲುಸೀಮೆಯ ಗಡಸು ಕೊಳವೆಬಾವಿ ನೀರಿನಲ್ಲಿ ಅದು ಸುಣ್ಣದ ಅಂಶದೊಡನೆ ಸೇರಿ ಬೂದುಬಣ್ಣದ ಜಿಡ್ಡಾಗುತ್ತದೆ. ಮಲೆನಾಡಿನ ಹಳ್ಳದ ನೀರು ಸಾಮಾನ್ಯವಾಗಿ ಮೃದು. ಅದರಲ್ಲಿ ಸ್ವಲ್ಪ ಸೋಪೇ ಧಾರಾಳವಾಗಿ ನೊರೆ ಕೊಡುತ್ತದೆ. ಪೇಟೆಯವರ ಅಳತೆಯನ್ನು ಇಲ್ಲಿ ಅನುಸರಿಸುವ ಅಗತ್ಯವಿಲ್ಲ. ಬಟ್ಟೆ ತೊಳೆಯುವ ಪುಡಿಯಂತೂ ತೀಕ್ಷ್ಣ ಕ್ಷಾರೀಯ. ಅದು ಕೊಳೆಯ ಜೊತೆಗೆ ಬಣ್ಣದ ಮೇಲಿನ ಮೇಣದ ರಕ್ಷಾಪದರವನ್ನೂ ಕಿತ್ತುಹಾಕುತ್ತದೆ. ವಾಹನಕ್ಕೆಂದೇ ತಯಾರಾದ, ಆಮ್ಲವೂ ಕ್ಷಾರವೂ ಅಲ್ಲದ ಶಾಂಪೂ ಉತ್ತಮ ಆಯ್ಕೆ. ಬಕೆಟ್ಟಿಗೆ ಬೇಕಾದುದು ಕೆಲವು ಚಮಚ ಮಾತ್ರ.

ಹಾಗಾದರೆ ಅಂಟುವಾಳ, ಸೀಗೆ ಬಳಸಿದರೆ ಹೊಳೆಯಲ್ಲೇ ತೊಳೆಯಬಹುದಲ್ಲವೇ ಎಂದು ಕೇಳುವವರುಂಟು. ಇವುಗಳ ನೊರೆಗೆ ಕಾರಣ ಸಪೋನಿನ್ ಎಂಬ ವಸ್ತು. ಅದು ಮೀನಿನ ಕಿವಿರನ್ನು ಹಾನಿಗೊಳಿಸುತ್ತದೆ. ಕಾರೆಕಾಯಿಯನ್ನು ಜಜ್ಜಿ ಮಡುವಿಗೆ ಹಾಕಿ ಮೀನು ಹಿಡಿಯುವ ಹಳೆಯ ಪದ್ಧತಿಯ ಗುಟ್ಟೂ ಅದೇ ಸಪೋನಿನ್. ನೈಸರ್ಗಿಕವಾದುದೆಲ್ಲವೂ ನೀರಿಗೆ ನಿರಪಾಯಕಾರಿಯಲ್ಲ. ಅಂಟುವಾಳದ ನೀರು ಮಣ್ಣಿಗೆ ಸೇರಲಿ, ಹೊಳೆಗೆ ಬೇಡ.

ಇದನ್ನು ಅರಿಯಲು ಕೃಷಿಕರಿಗೆ ಕಷ್ಟವಿಲ್ಲ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವಾಗ ಅದು ಅಡಿಕೆ ಗೊನೆಯ ಮೇಲೆ ಹನಿಯಾಗಿ ಜಾರದೆ ಹರಡಿ ನಿಲ್ಲಲೆಂದು ರಾಳದ ಸೋಪನ್ನು ಬೆರೆಸುತ್ತಾರೆ. ಸೋಪು ನೀರಿನ ಮೇಲ್ಮೈ ಸೆಳೆತವನ್ನು ತಗ್ಗಿಸುವುದರಿಂದ ಇದು ಸಾಧ್ಯ. ಅದೇ ಗುಣವು ಹೊಳೆಯಲ್ಲಿ ಕೇಡಾಗುತ್ತದೆ. ನೀರಿನ ಮೇಲೆ ಓಡಾಡುವ ಉದ್ದಕಾಲಿನ ಕೀಟಗಳಿಗೆ ಆಧಾರ ತಪ್ಪುತ್ತದೆ. ಮೀನಿನ ಮೈಯ ಲೋಳೆ ಪದರ ಕರಗುತ್ತದೆ. ಜುಲೈ ತಿಂಗಳ ಪ್ರವಾಹದಲ್ಲಿ ಒಂದು ಹಿಡಿ ಮಾರ್ಜಕ ಲೆಕ್ಕಕ್ಕೆ ಬಾರದು. ಏಪ್ರಿಲ್‌ನಲ್ಲಿ ಹರಿವು ನಿಂತು ಮೀನುಗಳೆಲ್ಲ ನಾಲ್ಕಾರು ಮಡುಗಳಲ್ಲಿ ಆಶ್ರಯ ಪಡೆದಿರುವಾಗ ಅದೇ ಒಂದು ಹಿಡಿ ಅವುಗಳ ಪ್ರಾಣಕ್ಕೆ ಎರವಾಗಬಹುದು.

ನೊರೆ ನೆರಳಿಗೆ, ಬಕೆಟ್ಟು ಬಿಸಿಲಿಗೆ

ನೊರೆ ತಾನಾಗಿ ಕೊಳೆ ತೆಗೆಯುವುದಿಲ್ಲ. ಅದು ಮೈಗೆ ಅಂಟಿ ನಿಂತು ಧೂಳನ್ನು ನೆನೆಸಿ ಸಡಿಲಗೊಳಿಸುತ್ತದೆ. ಉಜ್ಜುವ ಮೊದಲೇ ಮರಳಿನ ಕಣಗಳು ಜಾರಿ ಇಳಿಯುತ್ತವೆ. ಇದಕ್ಕೆ ಮೂರು ನಾಲ್ಕು ನಿಮಿಷ ಸಮಯ ಬೇಕು. ಸುಡುವ ತಗಡಿನ ಮೇಲೆ ಅಷ್ಟರಲ್ಲಿ ನೊರೆಯೇ ಒಣಗುತ್ತದೆ. ಆದುದರಿಂದ ನೊರೆಯ ವಿಧಾನ ನೆರಳಿಗೆ ಮಾತ್ರ ಯೋಗ್ಯ. ಮುಂಜಾನೆ ಎಂಟರೊಳಗೆ ಅಥವಾ ಸಂಜೆ ಐದರ ನಂತರ, ಬಾನೆಟ್ಟಿನ ಮೇಲೆ ಅಂಗೈ ಇಟ್ಟರೆ ತಣ್ಣಗಿರಬೇಕು. ಮೊದಲು ಧೂಳನ್ನು ನೀರಿನಿಂದ ಇಳಿಸಿ, ಸಣ್ಣ ಕೈಪಂಪಿನಿಂದ ನೊರೆ ಹಾಕಿ, ಮೇಲಿನಿಂದ ಕೆಳಕ್ಕೆ ಮೃದುವಾದ ಬಟ್ಟೆಯಿಂದ ಒರೆಸಬೇಕು. ಒಂದು ಬಕೆಟ್ಟು ಸೋಪಿಗೆ, ಇನ್ನೊಂದು ಬಟ್ಟೆ ಜಾಲಿಸಲು. ಚಕ್ರಗಳಿಗೆ ಬೇರೆ ಬಟ್ಟೆ, ಕೊನೆಯಲ್ಲಿ. ಎರಡು ಬಕೆಟ್ಟಿನ ಜೊತೆಗೆ ಜಾಲಿಸಲು ಮತ್ತೊಂದೆರಡು ಸೇರಿದರೂ ತಲಾ 15 ಲೀಟರಿನಂತೆ 60 ಲೀಟರ್ ಸಾಕು.

ಅನಿವಾರ್ಯವಾಗಿ ಬಿಸಿಲಿನಲ್ಲೇ ತೊಳೆಯಬೇಕಾದರೆ ನೊರೆಯನ್ನು ಬಿಡಬೇಕು. ತಗಡನ್ನು ನೀರಿನಿಂದ ತಣಿಸಿ, ತೆಳು ಸೋಪುನೀರಿನಿಂದ ಒಂದು ಬಾಗಿಲು, ಒಂದು ಬಾನೆಟ್ಟು ಎಂಬಂತೆ ಒಂದೊಂದೇ ಭಾಗವನ್ನು ತೊಳೆದು, ಒಣಗುವ ಮೊದಲೇ ಜಾಲಿಸಿ ಒರೆಸಬೇಕು.

ಒಂದು ಎಚ್ಚರಿಕೆ: ಬೋರ್ಡೋ ದ್ರಾವಣಕ್ಕೋ ಕಳೆನಾಶಕಕ್ಕೋ ಬಳಸಿದ ಪಂಪಿನಿಂದ ವಾಹನಕ್ಕೆ ನೊರೆ ಹಾಕಲಾಗದು. ಅದರಲ್ಲುಳಿದ ತಾಮ್ರದ ಲವಣವಾಗಲಿ ಕಳೆನಾಶಕವಾಗಲಿ ತೊಳೆದ ನೀರಿನೊಡನೆ ಅಂಗಳಕ್ಕೆ, ಅಲ್ಲಿಂದ ಬಾವಿಗೆ ಹೋಗಬಾರದು.

ತೊಳೆದ ನೀರು ಎಲ್ಲಿಗೆ?

ಮಣ್ಣಿನ ಮೇಲ್ಪದರದಲ್ಲಿ ಗಾಳಿಯಿದೆ, ಕೋಟ್ಯಂತರ ಸೂಕ್ಷ್ಮಜೀವಿಗಳಿವೆ. ಸಾಧಾರಣ ಸೋಪಿನ ಅಂಶವನ್ನು ಅವು ವಿಘಟಿಸಬಲ್ಲವು. ಆದುದರಿಂದ ಹೊಳೆ, ಬಾವಿ, ಅಬ್ಬಿ ನೀರಿನ ಕಾಲುವೆಗಳಿಂದ ಇನ್ನೂರು ಅಡಿಯಷ್ಟು ದೂರದಲ್ಲಿ, ನೀರು ಇಂಗುವ ಜಾಗದಲ್ಲಿ ವಾಹನ ನಿಲ್ಲಿಸಬೇಕು. ತೆಳು ಸೋಪುನೀರು ತೆಂಗು ಬಾಳೆಗಳ ಬುಡಕ್ಕೆ ಹೋದರೆ ತೊಂದರೆಯಿಲ್ಲ. ಸೊಪ್ಪಿನ ಮಡಿಗೆ ಬೇಡ. ಪ್ರತಿಸಲ ಒಂದೇ ಜಾಗಕ್ಕೂ ಬಿಡಬಾರದು, ಸೋಡಿಯಂ ಶೇಖರವಾದರೆ ಮಣ್ಣು ಗಟ್ಟಿಯಾಗುತ್ತದೆ. ಎಂಜಿನ್ನಿನ ಎಣ್ಣೆ, ಗ್ರೀಸುಗಳನ್ನು ಮಾತ್ರ ಮನೆಯಲ್ಲಿ ತೊಳೆಯದಿರುವುದೇ ಲೇಸು.

1974ರ ಜಲ ಮಾಲಿನ್ಯ ತಡೆ ಮತ್ತು ನಿಯಂತ್ರಣ ಕಾಯಿದೆಯ 24ನೆಯ ಕಲಮು ಹೊಳೆಗೆ, ಬಾವಿಗೆ ಮಲಿನ ಪದಾರ್ಥ ಸೇರಿಸುವುದನ್ನು ನಿಷೇಧಿಸಿದೆ. ನೀರಿಲ್ಲದೆ ಬಳಲಿದ ಬೆಂಗಳೂರಿನಲ್ಲಿ 2024ರ ಮಾರ್ಚ್‌ನಲ್ಲಿ ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ವಿಧಿಸಬೇಕಾಯಿತು. ಅಂಥ ಸ್ಥಿತಿ ಬರುವವರೆಗೆ ಮಲೆನಾಡು ಕಾಯಬೇಕಾಗಿಲ್ಲ. ಪ್ರತಿ ಊರಿನವರೂ ಕುಳಿತು, ಹೊಳೆಯ ಯಾವ ಮಡುವಿಗೂ ಬೇಸಿಗೆಯಲ್ಲಿ ವಾಹನ ಇಳಿಸುವುದಿಲ್ಲವೆಂದು ತೀರ್ಮಾನಿಸಿ, ತೊಳೆಯಲು ಮೇಲುಜಾಗವೊಂದನ್ನು ಗೊತ್ತುಮಾಡಿದರೆ ಸಾಕು. ವಿದ್ಯಾರ್ಥಿಗಳು ತಮ್ಮೂರಿನ ಮಡುಗಳನ್ನು ಗುರುತಿಸಿ ಪಟ್ಟಿ ಮಾಡುವುದರಿಂದ ಈ ಕೆಲಸ ಆರಂಭವಾಗಲಿ.