ಸುತ್ತುವ ಮುನ್ನ ನಿಲ್ಲುವುದು

ಬ್ಯಾಲೆ ನೃತ್ಯದಲ್ಲಿ ಒಂಟಿಗಾಲಿನ ಮೇಲೆ ನಿಂತು ಗಿರ್ರನೆ ಸುತ್ತುವುದಕ್ಕೆ ಪಿರೂಯೆಟ್ ಎನ್ನುತ್ತಾರೆ. ಒಂದು ಸುತ್ತು ಕೈಗೂಡಿದವರಿಗೆ ಎರಡರ ಆಸೆ, ಎರಡು ಬಂದವರಿಗೆ ನಾಲ್ಕರದು. ಅದಕ್ಕಾಗಿ ಇನ್ನಷ್ಟು ಜೋರಾಗಿ ಮೈ ಬೀಸುತ್ತಾರೆ, ಎಡವಟ್ಟಾಗುವುದೂ ಅಲ್ಲೇ. ಸುತ್ತಿನ ಬಲ ಹುಟ್ಟುವುದು ಮಂಡಿ ಬಾಗಿಸಿ ಎರಡೂ ಪಾದಗಳಿಂದ ನೆಲವನ್ನು ಒತ್ತುವ ಗಳಿಗೆಯಲ್ಲಿ. ಹಿಂದಿನ ಪಾದ ನೆಲ ಬಿಟ್ಟ ಮೇಲೆ ಹೊಸ ಬಲ ಬರುವ ದಾರಿ ಹೆಚ್ಚುಕಡಿಮೆ ಮುಚ್ಚಿದಂತೆಯೇ. ಕೈಗಳನ್ನು ಎದೆಯ ಹತ್ತಿರಕ್ಕೆ ತಂದರೆ ವೇಗ ಏರುತ್ತದೆ, ನಿಜ. ಆದರೆ ಸೊಂಟವು ಊರಿದ ಕಾಲಿನ ನೇರಕ್ಕೆ ಬಂದಿರದಿದ್ದರೆ ಎಷ್ಟು ವೇಗವಿದ್ದರೂ ಮೈ ವಾಲುತ್ತದೆ. ಹಾಗಾಗಿ ತಿರುಗದೆ, ಅದೇ ಭಂಗಿಯಲ್ಲಿ ಸುಮ್ಮನೆ ನಿಲ್ಲುವುದೇ ಮೊದಲ ಅಭ್ಯಾಸವಾಗಬೇಕು. ಬೇಸರದ ಅಭ್ಯಾಸ, ಒಪ್ಪೋಣ.

ಹಾಗಾದರೆ 1895ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನ ಮರಿನ್‌ಸ್ಕಿ ರಂಗಮಂದಿರದಲ್ಲಿ, ‘ಸ್ವಾನ್ ಲೇಕ್’ ಬ್ಯಾಲೆಯಲ್ಲಿ ನರ್ತಕಿ ಪಿಯೆರಿನಾ ಲೆನ್ಯಾನಿ ಫೂಯೆಟೆ ಎಂಬ ಬಗೆಯ 32 ಸುತ್ತುಗಳನ್ನು ಸುತ್ತಿದ್ದು ಬಲವಿಲ್ಲದೆಯೇ ಎಂದು ಕೇಳಬಹುದು. ಫೂಯೆಟೆಯಲ್ಲಿ ಪ್ರತಿ ಸುತ್ತಿಗೂ ಹಿಮ್ಮಡಿ ನೆಲಕ್ಕಿಳಿದು ಮಂಡಿ ಬಾಗುತ್ತದೆ, ಎತ್ತಿದ ಕಾಲು ಬೀಸುತ್ತದೆ. ಬಲ ಕಂತುಕಂತಾಗಿ ಸಿಗುತ್ತದೆ. ಇನ್ನು ತಲೆ ತಿರುಗದಂತೆ ನರ್ತಕರು ಎದುರಿನ ಒಂದು ಬಿಂದುವಿನಲ್ಲಿ ಕಣ್ಣು ನೆಟ್ಟು, ಮೈ ತಿರುಗಿದರೂ ಮುಖವನ್ನು ಆದಷ್ಟು ತಡೆದು, ಕೊನೆಗೆ ಚಟ್ಟನೆ ತಿರುಗಿಸಿ ಮತ್ತೆ ಅದೇ ಬಿಂದುವನ್ನು ಹಿಡಿಯುತ್ತಾರೆ. ಇದೊಂದೇ ಸಾಕೆನ್ನುವವರಿದ್ದಾರೆ. ಆದರೆ ಕತ್ತು ಬಿಗಿದು ಗಲ್ಲ ಓರೆಯಾಯಿತೋ, ಬೆನ್ನೂ ಅದರ ಹಿಂದೆಯೇ ಓರೆಯಾಗುತ್ತದೆ.