ಕಬ್ಬಿನ ಹೊಲದವರೆಗೂ ಬರಲಿ ಕಿಡ್ನಿ ಸಂಶೋಧನೆ



ಮೂತ್ರಪಿಂಡ ಆರೋಗ್ಯದ ಈ ಪ್ರದರ್ಶನ ರಾಯಬಾಗ ತಾಲ್ಲೂಕಿನಲ್ಲೇ ನಡೆಯುತ್ತಿರುವುದು ನನಗೆ ತುಂಬ ಸಂತೋಷ ತಂದಿದೆ. ಕಿಡ್ನಿ ರೋಗ ಊರಲ್ಲೇ ಹುಟ್ಟಿ, ಊರಲ್ಲೇ ಸದ್ದಿಲ್ಲದೆ ಬೆಳೆದು, ಕೈಮೀರಿದ ಮೇಲೆ ದೊಡ್ಡಾಸ್ಪತ್ರೆಗೆ ಬರುತ್ತದೆ. ಅದನ್ನು ಹಿಡಿಯಬೇಕಾದ ಜಾಗ ಇದೇ.

ಒಂದೊಂದು ಕಿಡ್ನಿಯಲ್ಲೂ ಸುಮಾರು 10 ಲಕ್ಷ ಸೂಕ್ಷ್ಮ ಶೋಧಕಗಳಿವೆ. ಎರಡೂ ಸೇರಿ ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸುತ್ತವೆ. ಈ ಶೋಧಕಗಳಲ್ಲಿ ಅರ್ಧ ಹಾಳಾದರೂ ನೋವಿಲ್ಲ, ಜ್ವರವಿಲ್ಲ. ಮುಖ, ಕಾಲು ಬಾತು, ವಾಂತಿ ಶುರುವಾಗುವ ಹೊತ್ತಿಗೆ ತಡವಾಗಿರುತ್ತದೆ. ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ಕಿಡ್ನಿ ರೋಗದ ದೊಡ್ಡ ಕಾರಣಗಳು. ಮೈಕೈ ನೋವೆಂದು ದಿನಾ ನುಂಗುವ ನೋವಿನ ಗುಳಿಗೆಯೂ ಕಿಡ್ನಿಗೆ ಪೆಟ್ಟು ಕೊಡುತ್ತದೆ. ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್: ಈ ಎರಡು ಸರಳ ಪರೀಕ್ಷೆಗಳು ರೋಗವನ್ನು ವರ್ಷಗಳ ಮೊದಲೇ ತೋರಿಸಬಲ್ಲವು.

ಕಿಡ್ನಿ ಪೂರ್ತಿ ಸೋತರೆ ವಾರಕ್ಕೆ ಎರಡು-ಮೂರು ಸಲ, ಪ್ರತಿ ಸಲ ನಾಲ್ಕು ತಾಸು ಡಯಾಲಿಸಿಸ್. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಡವರಿಗೆ ಇದು ಉಚಿತ. ಆದರೆ ಹೋಗಿಬರುವ ಖರ್ಚು, ಜೊತೆಗೆ ಹೋಗುವವರ ಕೂಲಿ ಮನೆಯ ಮೇಲೇ ಬೀಳುತ್ತವೆ. ಯಂತ್ರ ಊರ ಹತ್ತಿರ ಬಂದರೆ ಸಾಲದು, ಅದನ್ನು ನಡೆಸುವ ಪರಿಣತ ಕೈಗಳೂ ಬೇಕು. ವಿಜ್ಞಾನ ಓದಿದ ನಮ್ಮ ಹುಡುಗ-ಹುಡುಗಿಯರು ಡಯಾಲಿಸಿಸ್ ತಂತ್ರಜ್ಞಾನದ ಪದವಿ ಪಡೆದು ಈ ತಾಲ್ಲೂಕಿಗೇ ಮರಳಲಿ.

ಇನ್ನು ಸಂಶೋಧನೆಯ ಮಾತು. ನಮ್ಮದು ಕಬ್ಬಿನ ಸೀಮೆ. ಮಧ್ಯ ಅಮೆರಿಕದ ನಿಕರಾಗುವಾ, ಎಲ್ ಸಾಲ್ವಡಾರ್ ದೇಶಗಳಲ್ಲಿ ಸಕ್ಕರೆ ಕಾಯಿಲೆಯಾಗಲಿ ಬಿ.ಪಿ.ಯಾಗಲಿ ಇಲ್ಲದ ಕಬ್ಬು ಕಡಿಯುವ ಯುವಕರೇ ಕಿಡ್ನಿ ಕಳೆದುಕೊಂಡರು. ಸುಡುಬಿಸಿಲಲ್ಲಿ ನೀರಿಲ್ಲದೆ ದುಡಿಯುವುದರ ಮೇಲೆ ವಿಜ್ಞಾನಿಗಳ ಬಲವಾದ ಗುಮಾನಿಯಿದೆ. ನೀರು, ನೆರಳು, ವಿಶ್ರಾಂತಿ ಒದಗಿಸಿದ ಕಡೆ ಕಿಡ್ನಿಗೆ ಆಗುವ ಪೆಟ್ಟು ತಗ್ಗಿದೆ. ಪಕ್ಕದ ಆಂಧ್ರದ ಉದ್ದಾನಂ ಸೀಮೆಯಲ್ಲೂ ರೈತ-ಕೂಲಿಗಳನ್ನು ಇಂಥದೇ ರೋಗ ಕಾಡುತ್ತಿದೆ. ಹಾಗಾದರೆ ನಮ್ಮ ಕಬ್ಬು ಕಡಿಯುವ ಗ್ಯಾಂಗಿನವರ ಕಿಡ್ನಿ ಹೇಗಿದೆ? ಕಟಾವಿನ ಹಂಗಾಮಿನ ಮೊದಲೊಮ್ಮೆ, ಕೊನೆಗೊಮ್ಮೆ ಅವರ ರಕ್ತ ಪರೀಕ್ಷಿಸಿ ನೋಡಬೇಕಾದವರು ನಾವೇ.

ಹಳ್ಳಿಯಲ್ಲಿ ಇಂಥ ಸಂಶೋಧನೆ ಆಗದ ಕೆಲಸವಲ್ಲ. ಕೆ.ಎಲ್.ಇ. ಸಂಸ್ಥೆ 1963ರಲ್ಲಿ ಬೆಳಗಾವಿಯಲ್ಲಿ ಆರಂಭಿಸಿದ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜಿನ ಸಂಶೋಧಕರು ವಿದೇಶದ ವಿಜ್ಞಾನಿಗಳ ಜೊತೆಗೂಡಿ ಇದೇ ಜಿಲ್ಲೆಯ ಹಳ್ಳಿಗಳಲ್ಲಿ 1,620 ಬಾಣಂತಿಯರ ಅಧ್ಯಯನ ನಡೆಸಿದರು. ಹೆರಿಗೆಯಾದೊಡನೆ ಹಳ್ಳಿಯ ದಾದಿಯೇ ಕೊಟ್ಟ ಮಿಸೊಪ್ರೊಸ್ಟಾಲ್ ಗುಳಿಗೆ, ಹೆರಿಗೆ ನಂತರದ ರಕ್ತಸ್ರಾವವನ್ನು ಹೆಚ್ಚುಕಡಿಮೆ ಅರ್ಧಕ್ಕಿಳಿಸಿತು. 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಅದನ್ನು ಪ್ರಕಟಿಸಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗಾಗಿ ಆ ಔಷಧವನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ನಮ್ಮ ಹಳ್ಳಿಯ ತಾಯಂದಿರು, ದಾದಿಯರು ಜಗತ್ತಿನ ತಾಯಂದಿರಿಗೆ ನೆರವಾದರು. ಕಿಡ್ನಿಯ ವಿಷಯದಲ್ಲೂ ಅದೇ ದಾರಿ ನಮಗಿದೆ.

ಆದ್ದರಿಂದ ವಿಶ್ವವಿದ್ಯಾಲಯದ ಮಿತ್ರರಲ್ಲಿ ನನ್ನ ಕೋರಿಕೆ: ನಿಮ್ಮ ಪ್ರತಿ ವಿದ್ಯಾರ್ಥಿಯೂ ಒಂದು ಹಂಗಾಮು ಇಲ್ಲಿ ಕಲಿಯಲಿ. ಸಕ್ಕರೆ ಕಾರ್ಖಾನೆಯವರು ಕಟಾವಿನ ಹೊಲದಲ್ಲಿ ಕುಡಿಯುವ ನೀರು, ನೆರಳಿನ ಹೊಣೆ ಹೊರಲಿ. ಬಂದಿರುವ ನೀವೆಲ್ಲ ಇಲ್ಲೇ ಬಿ.ಪಿ., ಸಕ್ಕರೆ, ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿಕೊಳ್ಳದೆ ಮನೆಗೆ ಹೋಗಬೇಡಿ. ಮನೆಯವರನ್ನೂ ನಾಳೆ ಕರೆತನ್ನಿ. ಈ ಪ್ರದರ್ಶನ ಉದ್ಘಾಟನೆಯಾಗಿದೆ ಎಂದು ಮನಸಾರೆ ಘೋಷಿಸುತ್ತೇನೆ.