ನಿಮ್ಮ ಪರಿಚಯ ಹೇಳಿ



ಯುವಜನರ ಕಾರ್ಯಕ್ರಮಕ್ಕೆ ಬರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಧ್ವನಿಪರೀಕ್ಷೆಯ ಹೊತ್ತಿನಲ್ಲಿ ನಾನು ಕೇಳುವುದು ಇಷ್ಟೇ: "ನಿಮ್ಮ ಪರಿಚಯ ಹೇಳಿ." ಹೆಸರು, ಊರು, ಕಾಲೇಜು, ಸೆಮಿಸ್ಟರ್ ಎಲ್ಲವೂ ಸರಾಗವಾಗಿ ಬರುತ್ತವೆ. ಕೊನೆಗೆ, "ನನಗೆ ಕಂಪ್ಯೂಟರಿನಲ್ಲಿ ತುಂಬಾ ಆಸಕ್ತಿ ಸರ್" ಎನ್ನುತ್ತಾರೆ. "ಅದರಲ್ಲಿ ಯಾವುದರ ಬಗ್ಗೆ?" ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ನಾನು ನಗುವುದಿಲ್ಲ. ವಿಜ್ಞಾನ ಪದವಿ ಮುಗಿಸಿ ಮೊದಲ ಸಂದರ್ಶನಕ್ಕೆ ಹೋದಾಗ ನಾನೂ "ಎಲೆಕ್ಟ್ರಾನಿಕ್ಸ್‌ನಲ್ಲಿ ಆಸಕ್ತಿ" ಎಂದಿದ್ದೆ. ಟಿ.ವಿ. ಪರದೆಯ ಮೇಲೆ ಚಿತ್ರ ಹೇಗೆ ಮೂಡುತ್ತದೆ ಎಂದು ಕೇಳಿದರು. 625 ಗೆರೆಗಳು, ಸೆಕೆಂಡಿಗೆ 25 ಚಿತ್ರಗಳು ಎಂದು ಬಾಯಿಪಾಠ ಒಪ್ಪಿಸಿದೆ. 'ಹೇಗೆ' ಎಂಬುದಕ್ಕೆ ಉತ್ತರ ನನ್ನಲ್ಲಿರಲಿಲ್ಲ. ಆ ಕೆಲಸ ಸಿಗಲಿಲ್ಲ.

ಒಮ್ಮೆ ಮೂರನೇ ವರ್ಷದ ವಿದ್ಯಾರ್ಥಿನಿಯೊಬ್ಬಳು ಬೇರೆಯೇ ಉತ್ತರ ಕೊಟ್ಟಳು. "ಸರ್, ಪದದಲ್ಲಿ ಎಷ್ಟು ಅಕ್ಷರಗಳಿವೆ ಎಂದು ಎಣಿಸುವ ಪುಟ್ಟ ಪ್ರೋಗ್ರಾಂ ಬರೆದೆ. 'ಲಕ್ಷ್ಮಿ' ಎಂದು ಕೊಟ್ಟರೆ ಏಳು ಎಂದಿತು. ನಮ್ಮ ಎಣಿಕೆಗೆ ಎರಡೇ ಅಲ್ಲವೇ? ತಪ್ಪು ನನ್ನದೋ, ಯಂತ್ರದ್ದೋ ಎಂದು ಹುಡುಕುತ್ತಾ ಹೋದೆ."

ತಪ್ಪು ಇಬ್ಬರದೂ ಅಲ್ಲ. ಗಣಕಯಂತ್ರಕ್ಕೆ ತಿಳಿಯುವುದು ಸಂಖ್ಯೆ ಮಾತ್ರ. ಆದ್ದರಿಂದ ಪ್ರತಿಯೊಂದು ಲಿಪಿಚಿಹ್ನೆಗೂ ಒಂದು ಸಂಖ್ಯೆ ಬೇಕು. ಹೀಗೆ ಜಗತ್ತಿನ ಲಿಪಿಗಳಿಗೆ ಸಂಖ್ಯೆ ಕೊಡುವ ವ್ಯವಸ್ಥೆಯೇ ಯೂನಿಕೋಡ್. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ಥಾನ ದೊರೆಯಿತು. ಅದರಲ್ಲಿ 'ಕ'ಕಾರಕ್ಕೆ 3221, 'ಷ'ಕಾರಕ್ಕೆ 3255. ವ್ಯಂಜನದೊಳಗಿನ ಅಕಾರವನ್ನು ತೆಗೆದು ಮುಂದಿನ ವ್ಯಂಜನಕ್ಕೆ ಬೆಸೆಯುವ ಚಿಹ್ನೆಗೆ 3277. ನಾವು ಒಂದೆಂದು ಓದುವ 'ಕ್ಷ' ಯಂತ್ರದೊಳಗೆ ಮೂರು ಸಂಖ್ಯೆಗಳ ಸಾಲು. ಇನ್ನು 'ಲಕ್ಷ್ಮಿ'ಯಲ್ಲಿ ಲ, ಕ, ಷ, ಮ ಎಂಬ ನಾಲ್ಕು ವ್ಯಂಜನಗಳು, ಬೆಸೆಯುವ ಚಿಹ್ನೆ ಎರಡು, ಗುಡಿಸು ಒಂದು. ಒಟ್ಟು ಏಳು.

ಆ ಹುಡುಗಿಯ ಊರು, ಕಾಲೇಜು ಈಗ ನನಗೆ ನೆನಪಿಲ್ಲ. ಅವಳ ಪ್ರಶ್ನೆ ನೆನಪಿದೆ. ನಮ್ಮ ಮನೆಮಾತನ್ನು ಯಂತ್ರಕ್ಕೆ ಸರಿಯಾಗಿ ಕಲಿಸಬೇಕಾದವರು ಇಂಥ ಪ್ರಶ್ನೆ ಕೇಳುವವರೇ.

ನಿಮ್ಮ ಹೆಸರನ್ನೂ ಒಂದು ಹಾಳೆಯ ಮೇಲೆ ಬರೆದು ಹೀಗೆ ಬಿಡಿಸಿ ನೋಡಿ. ಮುಂದೆ ಯಾರಾದರೂ ಪರಿಚಯ ಕೇಳಿದರೆ, ನಿಮ್ಮನ್ನು ಕಾಡಿದ ಒಂದು ಪ್ರಶ್ನೆಯನ್ನೂ ಅದರ ಬೆನ್ನುಹತ್ತಿ ನೀವು ಮಾಡಿದ ಒಂದು ಕೆಲಸವನ್ನೂ ಹೇಳಿ. ಕೆಲಸ ಚಿಕ್ಕದಾದರೂ ಚಿಂತೆಯಿಲ್ಲ, ನಿಮ್ಮದಾಗಿದ್ದರೆ ಸಾಕು. ನಿಮಗೆಲ್ಲ ಒಳ್ಳೆಯದಾಗಲಿ.